ಲಿವರ್ ಕಾಯಿಲೆ: ‘ಏನಿಲ್ಲ’ ಮತ್ತು ‘ಹೋಯ್ತು’ ನಡುವಿನ ವರ್ಷಗಳು

ಲಿವರ್ ಬಗ್ಗೆ ನಮ್ಮ ಮನೆಗಳಲ್ಲಿ ಎರಡೇ ಮಾತು ಕೇಳಿಸುತ್ತದೆ. ಒಂದು, ‘ರಿಪೋರ್ಟ್ ನಾರ್ಮಲ್, ಏನಿಲ್ಲ’. ಇನ್ನೊಂದು, ‘ಪಾಪ, ಅವರ ಲಿವರ್ ಹೋಯ್ತಂತೆ’. ಈ ಎರಡು ಮಾತುಗಳ ನಡುವೆ ಹತ್ತು ವರ್ಷ, ಕೆಲವರಿಗೆ ಇಪ್ಪತ್ತು-ಮೂವತ್ತು ವರ್ಷವೇ ಇರುತ್ತದೆ. ಕಾಯಿಲೆ ಸದ್ದಿಲ್ಲದೆ ಬೆಳೆಯುವುದು ಆ ವರ್ಷಗಳಲ್ಲಿ. ಅದನ್ನು ತಡೆಯಲು, ಎಷ್ಟೋ ಸಲ ಹಿಂದಕ್ಕೆ ತಿರುಗಿಸಲು ಸಾಧ್ಯವಾಗುವುದೂ ಆಗಲೇ. ಆದರೆ ಆ ಕಾಲದ ಬಗ್ಗೆ ಮನೆಯವರಿಗೆ ಕೂತು ಬಿಡಿಸಿ ಹೇಳುವವರು ಕಡಿಮೆ. ಈ ಬರಹ ಆ ನಡುವಿನ ವರ್ಷಗಳದ್ದು.

ಲಿವರ್ ಇರುವುದು ಹೊಟ್ಟೆಯ ಬಲಗಡೆ, ಪಕ್ಕೆಲುಬುಗಳ ಮರೆಯಲ್ಲಿ. ದೊಡ್ಡವರಲ್ಲಿ ಸುಮಾರು ಒಂದೂವರೆ ಕೆಜಿ ತೂಗುತ್ತದೆ. ನಾವು ತಿಂದಿದ್ದು ಕರುಳಿನಲ್ಲಿ ರಕ್ತಕ್ಕೆ ಸೇರಿದ ಮೇಲೆ ಆ ರಕ್ತ ನೇರ ಹೃದಯಕ್ಕೆ ಹೋಗುವುದಿಲ್ಲ. ಮೊದಲು ಪೋರ್ಟಲ್ ವೇನ್ ಎಂಬ ದೊಡ್ಡ ರಕ್ತನಾಳದ ಮೂಲಕ ಲಿವರ್‌ಗೆ ಬರುತ್ತದೆ. ಲಿವರ್‌ಗೆ ಬರುವ ರಕ್ತದಲ್ಲಿ ಮುಕ್ಕಾಲು ಪಾಲು ಇದೇ. ಅಲ್ಲಿ ಸಕ್ಕರೆ ದಾಸ್ತಾನಾಗುತ್ತದೆ. ಅಮೋನಿಯಾದಂತಹ ವಿಷ ಯೂರಿಯಾ ಆಗಿ ಬದಲಾಗಿ ಮೂತ್ರದಲ್ಲಿ ಹೊರಗೆ ಹೋಗುತ್ತದೆ. ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಟೀನು, ರಕ್ತದ ನೀರನ್ನು ನಾಳದೊಳಗೇ ಹಿಡಿದಿಡುವ ಆಲ್ಬುಮಿನ್ ತಯಾರಾಗುವುದೂ ಅಲ್ಲೇ. ಈ ನಾಲ್ಕು ಕೆಲಸ ನೆನಪಿಟ್ಟುಕೊಳ್ಳಿ. ಮುಂದೆ ಬರುವ ತೊಂದರೆಗಳಲ್ಲಿ ಹಲವು ಇವು ಕೆಟ್ಟಿದ್ದರಿಂದ, ಇಲ್ಲವೇ ಪೋರ್ಟಲ್ ವೇನ್‌ನ ರಕ್ತಕ್ಕೆ ದಾರಿ ಕಟ್ಟಿದ್ದರಿಂದ ಬರುತ್ತವೆ.

ಲಿವರ್ ಒಳಗೆ ನೋವು ತಿಳಿಸುವ ನರಗಳಿಲ್ಲ. ಅದರ ಮೇಲಿನ ಪೊರೆ ಹಿಗ್ಗಿದಾಗ ಮಾತ್ರ ಬಲಗಡೆ ಭಾರ ಅನ್ನಿಸಬಹುದು. ಅದಕ್ಕೇ ಎಷ್ಟೋ ವರ್ಷ ಏನೂ ಗೊತ್ತಾಗುವುದಿಲ್ಲ.

ಲಿವರ್‌ಗೆ ಆದ ಪೆಟ್ಟು ಆರು ತಿಂಗಳಿಗಿಂತ ಜಾಸ್ತಿ ಮುಂದುವರಿದರೆ ಅದನ್ನು ದೀರ್ಘಕಾಲದ ಕಾಯಿಲೆ ಎನ್ನುತ್ತಾರೆ. ಒಂದು ಸಲ ಪೆಟ್ಟಾದರೆ ಲಿವರ್ ತಾನಾಗಿಯೇ ಸರಿಹೋಗುತ್ತದೆ. ಆ ಶಕ್ತಿ ಅದಕ್ಕಿದೆ. ಆದರೆ ದಿನಾ ಪೆಟ್ಟು ಬೀಳುತ್ತಿದ್ದರೆ, ವಾಸಿಯಾಗುವ ಜಾಗದಲ್ಲಿ ನಾರಿನಂತಹ ಗಟ್ಟಿ ಪದಾರ್ಥ ತುಂಬಿಕೊಳ್ಳುತ್ತದೆ. ಇದೇ ಫೈಬ್ರೋಸಿಸ್. ಡಾಕ್ಟರುಗಳು ಇದನ್ನು ಎಫ್0 ಇಂದ ಎಫ್4ರವರೆಗೆ ಅಳೆಯುತ್ತಾರೆ. ಕೊನೆಯ ಎಫ್4 ಅಂದರೆ ಸಿರೋಸಿಸ್. ಆಗ ಇಡೀ ಲಿವರ್ ಗಂಟುಗಂಟಾಗಿರುತ್ತದೆ.

ಪೆಟ್ಟು ಎಲ್ಲಿಂದ?

ಕಾರಣ ಹಲವು, ಹೆಚ್ಚಿನವರಲ್ಲಿ ಮೂರು: ಕುಡಿತ, ಕೊಬ್ಬು, ವೈರಸ್. ಎಷ್ಟೋ ಸಲ ಒಬ್ಬರಲ್ಲೇ ಎರಡು ಸೇರಿಕೊಂಡಿರುತ್ತವೆ.

ಕುಡಿತದ ವಿಷಯದಲ್ಲಿ ‘ನಾನು ಲಿಮಿಟ್ಟಲ್ಲಿ ತಗೋತೀನಿ’ ಅನ್ನುವ ಮಾತನ್ನು ಸ್ವಲ್ಪ ಲೆಕ್ಕ ಹಾಕಿ ನೋಡಬೇಕು. ನಮ್ಮಲ್ಲಿ ಮಾರುವ ವಿಸ್ಕಿ, ರಮ್, ಬ್ರಾಂದಿಯಲ್ಲಿ ಸಾಮಾನ್ಯವಾಗಿ 42.8 ಶೇಕಡಾ ಆಲ್ಕೋಹಾಲ್ ಇರುತ್ತದೆ. ಅಂದರೆ 180 ಮಿಲಿಯ ಒಂದು ಕ್ವಾರ್ಟರ್‌ನಲ್ಲಿ ಸುಮಾರು 60 ಗ್ರಾಂ ಶುದ್ಧ ಆಲ್ಕೋಹಾಲ್. 90 ಮಿಲಿಯ ಪ್ಯಾಕೆಟ್‌ನಲ್ಲಿ 30 ಗ್ರಾಂ. ‘ಬರೀ ಬಿಯರು’ ಅಂತೀರಾ? 8 ಶೇಕಡಾ ಇರುವ 650 ಮಿಲಿಯ ಸ್ಟ್ರಾಂಗ್ ಬಿಯರ್ ಬಾಟಲಿಯಲ್ಲಿ ಸುಮಾರು 40 ಗ್ರಾಂ. ಲಿವರ್ ಲೆಕ್ಕ ಇಡುವುದು ಈ ಗ್ರಾಮುಗಳನ್ನು, ಬ್ರಾಂಡ್ ಹೆಸರನ್ನಲ್ಲ. ದುಬಾರಿ ಬಾಟಲಿಗೂ ಅಗ್ಗದ ಪ್ಯಾಕೆಟ್ಟಿಗೂ ಅದಕ್ಕೆ ವ್ಯತ್ಯಾಸವಿಲ್ಲ. ದಿನಾ ಒಂದು ಕ್ವಾರ್ಟರ್ ಹತ್ತು ವರ್ಷ ನಡೆದರೆ ಅದು ಲಿಮಿಟ್ ಅಲ್ಲವೇ ಅಲ್ಲ. ಹೆಂಗಸರ ಲಿವರ್‌ಗೆ ಇನ್ನೂ ಕಡಿಮೆ ಪ್ರಮಾಣದಲ್ಲೇ ಹಾನಿಯಾಗುತ್ತದೆ.

ಕುಡಿಯದವರಿಗೂ ಲಿವರ್ ಕಾಯಿಲೆ ಬರುತ್ತದೆ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು, ಏಕೆಂದರೆ ಒಂದು ಹನಿಯೂ ಮುಟ್ಟದ ಹೆಂಗಸರು ಸಿರೋಸಿಸ್ ಅಂತ ಗೊತ್ತಾದ ಮೇಲೆ ನೆಂಟರ ಅನುಮಾನದ ನೋಟವನ್ನೂ ಸಹಿಸಬೇಕಾಗುತ್ತದೆ. ಸಕ್ಕರೆ ಕಾಯಿಲೆ, ಹೆಚ್ಚಿದ ಸೊಂಟದ ಸುತ್ತಳತೆ, ರಕ್ತದಲ್ಲಿ ಹೆಚ್ಚಿದ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಇದ್ದವರ ಲಿವರ್‌ನಲ್ಲಿ ಕೊಬ್ಬು ತುಂಬಿಕೊಳ್ಳುತ್ತದೆ. ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ‘ಫ್ಯಾಟಿ ಲಿವರ್ ಗ್ರೇಡ್ 1’ ಅಂತ ಬರೆದಿದ್ದನ್ನು ‘ಅದು ಎಲ್ಲರಿಗೂ ಇರುತ್ತೆ ಬಿಡಿ’ ಎಂದು ಮಡಚಿಡುವುದು ಸಾಮಾನ್ಯ. ಹೆಚ್ಚಿನವರಿಗೆ ಅದು ಮುಂದಕ್ಕೆ ಹೋಗುವುದಿಲ್ಲ, ನಿಜ. ಆದರೆ ಕೆಲವರಲ್ಲಿ ಊತ, ಊತದಿಂದ ಫೈಬ್ರೋಸಿಸ್, ಅಲ್ಲಿಂದ ಸಿರೋಸಿಸ್ ಆಗುತ್ತದೆ. ಆ ಕೆಲವರಲ್ಲಿ ನೀವು ಒಬ್ಬರಾ ಎಂದು ಪರೀಕ್ಷೆ ಮಾಡಿಸದೆ ಗೊತ್ತಾಗುವುದಿಲ್ಲ. 2021ರಲ್ಲಿ ಕೇಂದ್ರ ಸರ್ಕಾರ ಸಕ್ಕರೆ ಕಾಯಿಲೆ, ಬಿಪಿಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಫ್ಯಾಟಿ ಲಿವರನ್ನೂ ಸೇರಿಸಿದ್ದು ಇದಕ್ಕೇ.

ಹೆಪಟೈಟಿಸ್, ಅಂದರೆ ಲಿವರ್ ಊತ ತರುವ ವೈರಸ್‌ಗಳಲ್ಲಿ ಬಿ ಮತ್ತು ಸಿ ಮುಖ್ಯ. ನೀರು, ಆಹಾರದಿಂದ ಬರುವ ಹೆಪಟೈಟಿಸ್ ಎ ಮತ್ತು ಇ ಸಾಮಾನ್ಯವಾಗಿ ಬಂದು ಹೋಗುತ್ತವೆ. ರಕ್ತದಿಂದ, ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದ, ದೈಹಿಕ ಸಂಪರ್ಕದಿಂದ ಬರುವ ಬಿ ಹಾಗಲ್ಲ. ಹುಟ್ಟುವಾಗಲೇ ಬಿ ತಗುಲಿದ ಮಕ್ಕಳಲ್ಲಿ 90 ಶೇಕಡಾ ಮಕ್ಕಳಿಗೆ ಅದು ಶಾಶ್ವತವಾಗಿ ಉಳಿಯುತ್ತದೆ. ದೊಡ್ಡವರಾದ ಮೇಲೆ ತಗುಲಿದರೆ 5 ಶೇಕಡಾಗಿಂತ ಕಡಿಮೆ. ಹುಟ್ಟಿದ 24 ಗಂಟೆಯೊಳಗೆ ಮಗುವಿಗೆ ಹಾಕುವ ಹೆಪಟೈಟಿಸ್ ಬಿ ಲಸಿಕೆ ಅಷ್ಟು ಮುಖ್ಯವಾಗುವುದು ಇದರಿಂದಲೇ.

ಇನ್ನುಳಿದವು ಅಪರೂಪ: ದೇಹದ ರಕ್ಷಣಾ ವ್ಯವಸ್ಥೆಯೇ ಲಿವರ್ ಮೇಲೆ ತಿರುಗಿಬೀಳುವುದು, ತಾಮ್ರ ಶೇಖರವಾಗುವ ವಿಲ್ಸನ್ ಕಾಯಿಲೆ, ಕಬ್ಬಿಣ ಶೇಖರವಾಗುವುದು, ಪಿತ್ತನಾಳದ ಕಾಯಿಲೆಗಳು. ಹದಿಹರೆಯದವರಲ್ಲಿ ಲಿವರ್ ತೊಂದರೆ ಕಂಡರೆ ವಿಲ್ಸನ್ ಬಗ್ಗೆ ಕೇಳಲೇಬೇಕು. ಬೇಗ ಹಿಡಿದರೆ ಮಾತ್ರೆಯಲ್ಲೇ ಹತೋಟಿಗೆ ಬರುವ ಕಾಯಿಲೆ ಅದು.

ನಾರ್ಮಲ್ ರಿಪೋರ್ಟ್ ಓದುವುದು ಹೇಗೆ?

ಎಸ್‌ಜಿಪಿಟಿ, ಎಸ್‌ಜಿಒಟಿ ಅಂದರೆ ಲಿವರ್ ಜೀವಕೋಶಗಳಿಂದ ಸೋರುವ ಕಿಣ್ವಗಳು. ಈಗ ಎಷ್ಟು ಕೋಶಗಳಿಗೆ ಪೆಟ್ಟಾಗುತ್ತಿದೆ ಎಂಬುದನ್ನು ಅವು ಹೇಳುತ್ತವೆ. ಇಲ್ಲಿಯವರೆಗೆ ಎಷ್ಟು ಹಾಳಾಗಿದೆ ಎಂದು ಹೇಳುವುದಿಲ್ಲ. ಸಿರೋಸಿಸ್ ಆದವರಲ್ಲೂ ಇವು ನಾರ್ಮಲ್ ಇರಬಹುದು.

ಹಾಗಾದರೆ ನೋಡುವುದೇನು? ಸುಮ್ನೆ ಮನೆಯಲ್ಲೇ ಹಾಕಬಹುದಾದ ಒಂದು ಲೆಕ್ಕವಿದೆ, ಫಿಬ್-4 ಅಂತ. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಿ. ಪ್ಲೇಟ್‌ಲೆಟ್ ಸಂಖ್ಯೆಯನ್ನು (ಸಾವಿರಗಳಲ್ಲಿ) ಎಸ್‌ಜಿಪಿಟಿಯ ವರ್ಗಮೂಲದಿಂದ ಗುಣಿಸಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಒಂದು ಉದಾಹರಣೆ: ವಯಸ್ಸು 52, ಎಸ್‌ಜಿಒಟಿ 48, ಎಸ್‌ಜಿಪಿಟಿ 36, ಪ್ಲೇಟ್‌ಲೆಟ್ 1 ಲಕ್ಷ 30 ಸಾವಿರ. ಎಸ್‌ಜಿಪಿಟಿ ನಾರ್ಮಲ್, ಎಸ್‌ಜಿಒಟಿ ಒಂದು ಚೂರು ಜಾಸ್ತಿ, ಅಷ್ಟೇ. ಲೆಕ್ಕ ಹಾಕಿದರೆ 2496 ಭಾಗಿಸು 780, ಅಂದರೆ 3.2. ಈ ಅಂಕಿ 1.3ಕ್ಕಿಂತ ಕಡಿಮೆ ಇದ್ದರೆ ನಿರಾಳ. 2.67 ದಾಟಿದರೆ ಫೈಬ್ರೋಸಿಸ್ ಮುಂದುವರಿದಿರುವ ಸಾಧ್ಯತೆ ಜಾಸ್ತಿ. ‘ಏನಿಲ್ಲ’ ಅಂತ ಮನೆಗೆ ಕಳಿಸಬಹುದಾಗಿದ್ದ ಈ ವ್ಯಕ್ತಿ ನಿಜಕ್ಕೂ ಫೈಬ್ರೋಸ್ಕ್ಯಾನ್ ಮಾಡಿಸಬೇಕು. ಹೊಟ್ಟೆಯ ಮೇಲೆ ಒಂದು ಪ್ರೋಬ್ ಇಟ್ಟು ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ಅಳೆಯುವ ಪರೀಕ್ಷೆ ಅದು. ಸೂಜಿ ಇಲ್ಲ, ನೋವಿಲ್ಲ, ಕೆಲವೇ ನಿಮಿಷ. (65 ದಾಟಿದವರಿಗೆ 1.3ರ ಬದಲು 2 ಎಂದು ಇಟ್ಟುಕೊಳ್ಳುತ್ತಾರೆ. ವಯಸ್ಸೇ ಲೆಕ್ಕವನ್ನು ಮೇಲಕ್ಕೆ ಎಳೆಯುತ್ತದೆ.)

ಆ ಲೆಕ್ಕದಲ್ಲಿ ಪ್ಲೇಟ್‌ಲೆಟ್ ಯಾಕೆ ಬಂತು? ಲಿವರ್ ಗಟ್ಟಿಯಾದಾಗ ಗುಲ್ಮದಲ್ಲಿ (ಸ್ಪ್ಲೀನ್) ರಕ್ತ ನಿಂತು ಅದು ದೊಡ್ಡದಾಗುತ್ತದೆ. ಪ್ಲೇಟ್‌ಲೆಟ್‌ಗಳು ಅಲ್ಲಿ ಸಿಕ್ಕಿಕೊಳ್ಳುತ್ತವೆ. ನಮ್ಮಲ್ಲಿ ಪ್ಲೇಟ್‌ಲೆಟ್ ಕಮ್ಮಿ ಅಂದ ತಕ್ಷಣ ಡೆಂಗಿ ನೆನಪಾಗುತ್ತದೆ, ಪಪ್ಪಾಯಿ ಎಲೆ ರಸ ಶುರುವಾಗುತ್ತದೆ. ಜ್ವರವಿಲ್ಲದೆ, ವರ್ಷಗಟ್ಟಲೆ ಒಂದೂವರೆ ಲಕ್ಷದ ಕೆಳಗೇ ಇದ್ದರೆ ಲಿವರ್ ಕಡೆ ನೋಡಿ.

ಸಿರೋಸಿಸ್ ಆದ ಮೇಲೆ

ಸಿರೋಸಿಸ್ ಅಂದ ಕೂಡಲೇ ಎಲ್ಲ ಮುಗೀತು ಅಲ್ಲ. ಅದರಲ್ಲೂ ಎರಡು ಘಟ್ಟ. ಮೊದಲನೆಯದರಲ್ಲಿ ಲಿವರ್ ಗಂಟಾಗಿದ್ದರೂ ಉಳಿದ ಭಾಗವೇ ಕೆಲಸ ತೂಗಿಸುತ್ತಿರುತ್ತದೆ. ವ್ಯಕ್ತಿ ಕೆಲಸಕ್ಕೆ ಹೋಗುತ್ತಾರೆ, ಮದುವೆಗೆ ಬರುತ್ತಾರೆ, ನೋಡಿದವರಿಗೆ ಗೊತ್ತೂ ಆಗುವುದಿಲ್ಲ. ಎರಡನೆಯದರಲ್ಲಿ ತೂಗಿಸಲು ಆಗುವುದಿಲ್ಲ. ಹೊಟ್ಟೆಯಲ್ಲಿ ನೀರು, ರಕ್ತವಾಂತಿ, ಗೊಂದಲ, ಕಾಮಾಲೆ. ಇವುಗಳಲ್ಲಿ ಒಂದು ಕಾಣಿಸಿಕೊಂಡರೂ ಎರಡನೇ ಘಟ್ಟ ಶುರುವಾಯಿತು ಎಂದೇ ಅರ್ಥ.

ಹೂಳು ತುಂಬಿದ ಕಾಲುವೆಯನ್ನು ನೋಡಿದ್ದೀರಲ್ಲ? ಮೇಲಿನಿಂದ ನೀರು ಬರುತ್ತಲೇ ಇರುತ್ತದೆ, ಮುಂದೆ ಹೋಗಲು ದಾರಿಯಿಲ್ಲ. ದಂಡೆ ಜಿನುಗುತ್ತದೆ, ಪಕ್ಕದ ಸಣ್ಣ ತೋಡುಗಳು ತುಂಬಿ ಉಕ್ಕುತ್ತವೆ. ಗಟ್ಟಿಯಾದ ಲಿವರ್‌ನ ಹಿಂದೆ ಪೋರ್ಟಲ್ ವೇನ್‌ನಲ್ಲೂ ಇದೇ ಆಗುತ್ತದೆ. ರಕ್ತ ಅನ್ನನಾಳದ ಸಣ್ಣ ನಾಳಗಳಿಗೆ ತಿರುಗಿ ಅವು ಉಬ್ಬುತ್ತವೆ. ಉಬ್ಬಿದ್ದು ಒಡೆದರೆ ರಕ್ತವಾಂತಿ. ಅದಕ್ಕೇ ಸಿರೋಸಿಸ್ ಇದ್ದವರಿಗೆ ಎಂಡೋಸ್ಕೋಪಿ ಮಾಡಿಸಲು ಹೇಳುವುದು. ಉಬ್ಬಿದ ನಾಳಗಳಿಗೆ ಸಣ್ಣ ರಬ್ಬರ್ ಬ್ಯಾಂಡ್ ಹಾಕಿ ಕಟ್ಟುತ್ತಾರೆ. ಕಾರ್ವೆಡಿಲಾಲ್ ಅಥವಾ ಪ್ರೊಪ್ರನಲಾಲ್ ಮಾತ್ರೆ ಪೋರ್ಟಲ್ ವೇನ್‌ನ ಒತ್ತಡ ಇಳಿಸುತ್ತದೆ. ‘ನನಗೆ ಬಿಪಿಯೇ ಇಲ್ಲ, ಬಿಪಿ ಮಾತ್ರೆ ಯಾಕೆ’ ಅಂತ ಇದನ್ನು ನಿಲ್ಲಿಸುವವರಿದ್ದಾರೆ. ಇದು ಕೊಟ್ಟಿರುವುದು ಕೈಯಲ್ಲಿ ಅಳೆಯುವ ಬಿಪಿಗಲ್ಲ.

ಹೊಟ್ಟೆಯಲ್ಲಿ ನೀರು ತುಂಬುವುದಕ್ಕೂ ಮೂಲ ಇದೇ ಒತ್ತಡ. ಆಲ್ಬುಮಿನ್ ಕಡಿಮೆಯಾಗುವುದು, ಕಿಡ್ನಿ ಉಪ್ಪನ್ನು ಬಿಡದೆ ಹಿಡಿದಿಟ್ಟುಕೊಳ್ಳುವುದು ಜೊತೆಗೆ ಸೇರುತ್ತವೆ. ಸ್ಪೈರೊನೊಲ್ಯಾಕ್ಟೋನ್, ಫ್ಯುರೊಸೆಮೈಡ್ ಎಂಬ ಮಾತ್ರೆಗಳು ಮೂತ್ರದಲ್ಲಿ ಉಪ್ಪನ್ನೂ ನೀರನ್ನೂ ಹೊರಗೆ ಹಾಕುತ್ತವೆ. ಆದರೆ ಉಪ್ಪು ಒಳಗೆ ಬರುತ್ತಲೇ ಇದ್ದರೆ ಮಾತ್ರೆ ಏನು ಮಾಡೀತು? ಇಡೀ ದಿನಕ್ಕೆ ಒಂದು ಟೀ ಚಮಚ, ಅಂದರೆ 5 ಗ್ರಾಂ ಉಪ್ಪು ಮೀರಬಾರದು. ಸಾರಿಗೆ ಹಾಕಿದ್ದೂ ಅದರಲ್ಲೇ ಬರಬೇಕು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ, ಒಣಮೀನು, ಬೇಕರಿಯ ಖಾರ ಬಿಸ್ಕತ್ತು ಪೂರ್ತಿ ಬಿಡಬೇಕು. ಅಂಗಡಿಯಲ್ಲಿ ಸಿಗುವ ಲೋ ಸೋಡಿಯಂ ಉಪ್ಪು ತಂದುಬಿಡೋಣ ಅನ್ನಿಸುತ್ತದೆ. ಬೇಡ. ಅದರಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಇರುತ್ತದೆ. ಸ್ಪೈರೊನೊಲ್ಯಾಕ್ಟೋನ್ ಕೂಡ ಪೊಟ್ಯಾಸಿಯಂ ಏರಿಸುತ್ತದೆ. ಎರಡೂ ಸೇರಿದರೆ ಹೃದಯದ ಬಡಿತಕ್ಕೇ ಅಪಾಯ. ಮಾತ್ರೆಗೆ ನೀರು ಬಗ್ಗದಿದ್ದರೆ ಸೂಜಿ ಹಾಕಿ ತೆಗೆಯುತ್ತಾರೆ. 5 ಲೀಟರ್‌ಗಿಂತ ಹೆಚ್ಚು ತೆಗೆದಾಗ ಪ್ರತಿ ಲೀಟರ್‌ಗೆ ಸುಮಾರು 8 ಗ್ರಾಂ ಆಲ್ಬುಮಿನ್ ರಕ್ತಕ್ಕೆ ಏರಿಸುತ್ತಾರೆ. ನೀರು ತುಂಬಿದವರಿಗೆ ಜ್ವರ ಅಥವಾ ಹೊಟ್ಟೆನೋವು ಬಂದರೆ ಆ ನೀರಿಗೇ ಸೋಂಕಾಗಿರಬಹುದು. ಬೆಳಗಾಗಲಿ ಎಂದು ಕಾಯಬೇಡಿ.

ಇನ್ನು ಗೊಂದಲದ ವಿಷಯ. ಮನೆಯವರನ್ನು ಅತಿ ಹೆಚ್ಚು ಹೆದರಿಸುವುದು ಇದು, ಮನೆಯವರ ಕೈಯಲ್ಲೇ ಅತಿ ಹೆಚ್ಚು ಇರುವುದೂ ಇದೇ. ಕರುಳಿನಲ್ಲಿ ಹುಟ್ಟುವ ಅಮೋನಿಯಾವನ್ನು ಲಿವರ್ ತೆಗೆಯದೆ ಹೋದಾಗ ಅದು ಮೆದುಳಿಗೆ ಏರುತ್ತದೆ. ಶುರುವಿನಲ್ಲಿ ಕಾಣುವುದು ಸಣ್ಣ ಬದಲಾವಣೆ. ಅಪ್ಪ ಹಗಲೆಲ್ಲ ತೂಕಡಿಸುತ್ತಾರೆ, ರಾತ್ರಿ ಎದ್ದು ಕೂರುತ್ತಾರೆ. ಸಹಿ ಸೊಟ್ಟಗಾಗುತ್ತದೆ. ಚಿಲ್ಲರೆ ಎಣಿಸುವಾಗ ತಪ್ಪುತ್ತಾರೆ. ಎರಡೂ ಕೈ ಮುಂದೆ ಚಾಚಿ ಮಣಿಕಟ್ಟು ಮೇಲಕ್ಕೆತ್ತಿ ಹಿಡಿ ಅಂದರೆ ಅಂಗೈ ಪಟಪಟ ಕೆಳಗೆ ಬೀಳುತ್ತದೆ. ಇದಕ್ಕೆ ಕೊಡುವ ಮುಖ್ಯ ಔಷಧಿ ಲ್ಯಾಕ್ಟುಲೋಸ್, ಒಂದು ಸಿಹಿ ಸಿರಪ್. ಅದು ಕರುಳಿನಲ್ಲಿ ಅಮೋನಿಯಾ ರಕ್ತಕ್ಕೆ ಸೇರದಂತೆ ಮಾಡಿ ಮಲದಲ್ಲಿ ಹೊರಗೆ ಹಾಕುತ್ತದೆ. ದಿನಕ್ಕೆ ಎರಡು-ಮೂರು ಸಲ ಮೆತ್ತಗೆ ಮಲವಿಸರ್ಜನೆ ಆಗಬೇಕು, ಅದೇ ಗುರಿ. ಇಲ್ಲೇ ಎಡವಟ್ಟಾಗುವುದು. ‘ಮೂರು ಸಲ ಆಯ್ತು, ಸುಸ್ತಾಗ್ತಾರೆ’ ಅಂತ ಮನೆಯವರು ಸಿರಪ್ ನಿಲ್ಲಿಸುತ್ತಾರೆ. ಎರಡು ದಿನ ಮಲಬದ್ಧತೆ. ಮೂರನೇ ದಿನ ಮಗನ ಗುರುತೇ ಸಿಗದೆ ಆಂಬುಲೆನ್ಸ್. ಮೂರು ಸಲ ಆದರೆ ಸಿರಪ್ ಕೆಲಸ ಮಾಡುತ್ತಿದೆ ಎಂದರ್ಥ. ಐದಾರು ಸಲ ನೀರಾಗಿ ಹೋದರೆ ಪ್ರಮಾಣ ಇಳಿಸಲು ಡಾಕ್ಟರನ್ನು ಕೇಳಿ. ಪದೇಪದೇ ಆಗುವವರಿಗೆ ರಿಫಾಕ್ಸಿಮಿನ್ ಮಾತ್ರೆಯನ್ನೂ ಸೇರಿಸುತ್ತಾರೆ. ನಿದ್ದೆ ಬರುತ್ತಿಲ್ಲ ಎಂದು ನಿದ್ದೆ ಮಾತ್ರೆ ಮಾತ್ರ ಕೊಡಲೇಬೇಡಿ.

ಊಟ

ಲಿವರ್ ಕಾಯಿಲೆ ಅಂದರೆ ಗಂಜಿ, ಮಜ್ಜಿಗೆ, ಎಣ್ಣೆ ಮುಟ್ಟಬೇಡಿ, ಬೇಳೆ-ಮೊಟ್ಟೆ ಬಿಡಿ. ಈ ಪಥ್ಯ ಎಷ್ಟು ಆಳವಾಗಿ ಕೂತಿದೆ ಅಂದರೆ ಡಾಕ್ಟರ್ ಬೇಡ ಅಂದರೂ ಮನೆಯಲ್ಲಿ ನಡೆಯುತ್ತದೆ. ಸಿರೋಸಿಸ್‌ನಲ್ಲಿ ಇದು ನೇರ ಹಾನಿ. ಪ್ರೋಟೀನ್ ನಿಲ್ಲಿಸಿದರೆ ದೇಹ ತನ್ನ ಮಾಂಸಖಂಡವನ್ನೇ ಕರಗಿಸುತ್ತದೆ. ಮಾಂಸಖಂಡವೂ ಅಮೋನಿಯಾ ತೆಗೆಯುವ ಜಾಗವಾದ್ದರಿಂದ ಗೊಂದಲ ಇನ್ನೂ ಹೆಚ್ಚುತ್ತದೆ. ದಿನಕ್ಕೆ ಪ್ರತಿ ಕೆಜಿ ತೂಕಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು. 60 ಕೆಜಿಯವರಿಗೆ 72ರಿಂದ 90 ಗ್ರಾಂ. ಬೇಳೆ, ಹೆಸರುಕಾಳು, ಮೊಸರು, ಪನೀರ್, ಮೊಟ್ಟೆಯ ಬಿಳಿ, ಮೀನು ಎಲ್ಲ ಸೇರಿಸಿದರೂ ಅಷ್ಟು ತಲುಪುವುದು ಕಷ್ಟ. ಬಿಡುವ ಮಾತಂತೂ ದೂರ.

ಇನ್ನೊಂದು: ಗಂಟಾದ ಲಿವರ್‌ನಲ್ಲಿ ಸಕ್ಕರೆಯ ದಾಸ್ತಾನು ಇರುವುದಿಲ್ಲ. ರಾತ್ರಿ ಎಂಟಕ್ಕೆ ಉಂಡು ಬೆಳಗ್ಗೆ ಎಂಟಕ್ಕೆ ತಿಂಡಿ ತಿಂದರೆ, ಆರೋಗ್ಯವಂತರಿಗೆ ಎರಡು-ಮೂರು ದಿನ ಉಪವಾಸ ಮಾಡಿದಷ್ಟು ಪೆಟ್ಟು ಆ ದೇಹಕ್ಕೆ ಬೀಳುತ್ತದೆ. ಮಲಗುವ ಮುಂಚೆ ಒಂದು ಲೋಟ ರಾಗಿ ಗಂಜಿ-ಹಾಲು, ಇಲ್ಲವೇ ಒಂದು ಚಪಾತಿ ಕೊಡಿ. ಏಕಾದಶಿ, ಸಂಕಷ್ಟಿ, ರಂಜಾನ್ ಉಪವಾಸ ಇವರಿಗೆ ಬೇಡ. ದೇವರು ಕೋಪಿಸಿಕೊಳ್ಳುವುದಿಲ್ಲ.

ಕಾಫಿಯ ಬಗ್ಗೆ ಮಾತ್ರ ಸಿಹಿಸುದ್ದಿ. ದಿನಕ್ಕೆ ಎರಡು-ಮೂರು ಕಪ್ ಕಾಫಿ ಕುಡಿಯುವವರಲ್ಲಿ ಫೈಬ್ರೋಸಿಸ್ ಕಡಿಮೆ ಎಂದು ಹಲವು ದೇಶಗಳ ಅಧ್ಯಯನಗಳಲ್ಲಿ ಕಂಡಿದೆ. ನಮ್ಮ ಫಿಲ್ಟರ್ ಕಾಫಿ ಕುಡಿಯಿರಿ, ಸಕ್ಕರೆ ಹಾಕಬೇಡಿ.

ಮೂಲ ಕಾರಣಕ್ಕೆ ಏನು ಚಿಕಿತ್ಸೆ?

ಹೆಪಟೈಟಿಸ್ ಸಿ ಗುಣವಾಗುತ್ತದೆ. ಹತೋಟಿಯಲ್ಲ, ಪೂರ್ತಿ ಗುಣ. ಸೊಫೊಸ್ಬುವಿರ್ ಜೊತೆ ಡಕ್ಲಟಾಸ್ವಿರ್ ಅಥವಾ ವೆಲ್ಪಟಾಸ್ವಿರ್ ಮಾತ್ರೆ, ಸಾಮಾನ್ಯವಾಗಿ 12 ವಾರ. ನೂರರಲ್ಲಿ ಸುಮಾರು 95 ಜನರಲ್ಲಿ ವೈರಸ್ ಹೋಗುತ್ತದೆ. ಈ ವೈರಸನ್ನು ಪತ್ತೆ ಹಚ್ಚಿದ ಕೆಲಸಕ್ಕೆ 2020ರಲ್ಲಿ ಹಾರ್ವೆ ಆಲ್ಟರ್, ಮೈಕಲ್ ಹೌಟನ್, ಚಾರ್ಲ್ಸ್ ರೈಸ್ ಅವರಿಗೆ ನೊಬೆಲ್ ಬಂತು. ವೈರಸ್ ಗುರುತಾಗಿದ್ದು 1989ರಲ್ಲಿ. ಮೂವತ್ತು ವರ್ಷದೊಳಗೆ ಅದು ಮಾತ್ರೆಯಲ್ಲಿ ವಾಸಿಯಾಗುವ ಕಾಯಿಲೆಯಾಯಿತು. ಹೆಪಟೈಟಿಸ್ ಬಿ ಪೂರ್ತಿ ಹೋಗುವುದು ಅಪರೂಪ. ಆದರೆ ಟೆನೊಫೊವಿರ್ ಅಥವಾ ಎಂಟೆಕಾವಿರ್ ದಿನಾ ಒಂದು ಮಾತ್ರೆ ಅದನ್ನು ಮಲಗಿಸಿಡುತ್ತದೆ. ಅದನ್ನು ತಾವಾಗಿಯೇ ನಿಲ್ಲಿಸಿದರೆ ವೈರಸ್ ಒಮ್ಮೆಲೇ ಭುಗಿಲೇಳುತ್ತದೆ. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಎರಡಕ್ಕೂ ಪರೀಕ್ಷೆ, ಔಷಧಿ ಉಚಿತ. ಜಿಲ್ಲಾಸ್ಪತ್ರೆಯಲ್ಲಿ ಕೇಳಿ. ಮನೆಯಲ್ಲಿ ಒಬ್ಬರಿಗೆ ಬಿ ಇದ್ದರೆ ಒಡಹುಟ್ಟಿದವರು, ಸಂಗಾತಿ, ಮಕ್ಕಳು ಎಲ್ಲರೂ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಫ್ಯಾಟಿ ಲಿವರ್‌ಗೆ ತೂಕವೇ ಔಷಧಿ. ಈಗಿರುವ ತೂಕದಲ್ಲಿ 5 ಶೇಕಡಾ ಇಳಿದರೆ ಕೊಬ್ಬು ಕಡಿಮೆಯಾಗುತ್ತದೆ, 7ರಿಂದ 10 ಇಳಿದರೆ ಊತ ಇಳಿಯುತ್ತದೆ, 10 ದಾಟಿದರೆ ಫೈಬ್ರೋಸಿಸ್ ಕೂಡ ಹಿಂದಕ್ಕೆ ಹೋಗಬಹುದು. 80 ಕೆಜಿಯವರಿಗೆ ಆ ಹತ್ತು ಶೇಕಡಾ ಅಂದರೆ 8 ಕೆಜಿ. ಅಮೆರಿಕದಲ್ಲಿ 2024ರಲ್ಲಿ ರೆಸ್ಮೆಟಿರಾಮ್, 2025ರಲ್ಲಿ ಸೆಮಾಗ್ಲುಟೈಡ್ ಈ ಕಾಯಿಲೆಗೆ ಒಪ್ಪಿಗೆ ಪಡೆದವು. ಒಳ್ಳೆಯ ಬೆಳವಣಿಗೆ, ಆದರೆ ಅವುಗಳ ಜೊತೆಗೂ ನಡಿಗೆ ಮತ್ತು ತಟ್ಟೆಯ ಅಳತೆ ಬೇಕೇ ಬೇಕು.

ಕುಡಿತದಿಂದ ಬಂದಿದ್ದಕ್ಕೆ ಬಿಡುವುದೊಂದೇ ಚಿಕಿತ್ಸೆ. ಹೊಟ್ಟೆಯಲ್ಲಿ ನೀರು ತುಂಬಿದವರೂ ಪೂರ್ತಿ ಬಿಟ್ಟ ಮೇಲೆ ಮೊದಲ ಘಟ್ಟಕ್ಕೆ ಹಿಂದಿರುಗಿದ್ದುಂಟು. ಆದರೆ ದಿನಾ ಜಾಸ್ತಿ ಕುಡಿಯುವವರು ಮನೆಯಲ್ಲೇ ಏಕಾಏಕಿ ಬಿಟ್ಟರೆ ಫಿಟ್ಸ್, ಭ್ರಮೆ ಬರಬಹುದು. ಆಸ್ಪತ್ರೆಯ ನೆರವಿನಲ್ಲಿ ಬಿಡಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗವಿದೆ. ಗೊತ್ತಾಗದ ಹಾಗೆ ಸಾರಿನಲ್ಲಿ ಕಲಸಿ ಕೊಡಿ ಎಂದು ಮಾರುವ ‘ಕುಡಿತ ಬಿಡಿಸುವ ಪುಡಿ’ ಕೊಡಬೇಡಿ. ಅದರಲ್ಲಿ ಡೈಸಲ್ಫಿರಾಮ್ ಇದ್ದರೆ, ಅದರ ಮೇಲೆ ಕುಡಿದಾಗ ಬಿಪಿ ಕುಸಿದು ಜೀವಕ್ಕೇ ಸಂಚಕಾರ. ಆ ಔಷಧಿ ಲಿವರ್‌ಗೂ ಕೆಟ್ಟದ್ದು.

ನಾಟಿ ಔಷಧಿಯ ಮಾತು ಇಲ್ಲಿ ಹೇಳಲೇಬೇಕು. ಕಾಮಾಲೆಗೆ ಸೊಪ್ಪಿನ ರಸ ಕುಡಿದು, ಕೈಗೆ ಬರೆ ಹಾಕಿಸಿಕೊಂಡು ಗುಣವಾದವರು ಪ್ರತಿ ಊರಲ್ಲೂ ಸಿಗುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಅವರಿಗೆ ಬಂದಿದ್ದು ಹೆಚ್ಚಾಗಿ ಹೆಪಟೈಟಿಸ್ ಎ ಅಥವಾ ಇ. ಅದು ಏನೂ ಮಾಡದಿದ್ದರೂ ಕೆಲವು ವಾರಗಳಲ್ಲಿ ಹೋಗುತ್ತಿತ್ತು. ಸಿರೋಸಿಸ್‌ನಿಂದ ಬಂದ ಕಾಮಾಲೆ ಹಾಗೆ ಹೋಗುವುದಿಲ್ಲ. ಬರೆಯ ಗಾಯ ಸೋಂಕಾಗುತ್ತದೆ, ಅಮೂಲ್ಯ ವಾರಗಳು ಕಳೆಯುತ್ತವೆ. ಕೋವಿಡ್ ಕಾಲದಲ್ಲಿ ಶಕ್ತಿ ಬರಲಿ ಎಂದು ಅಮೃತಬಳ್ಳಿ ಕಷಾಯ ಕುಡಿದ ಕೆಲವರಲ್ಲಿ ಲಿವರ್ ಊತ ಕಾಣಿಸಿಕೊಂಡಿದ್ದನ್ನು ಮುಂಬೈಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಗಿಡಮೂಲಿಕೆ ಅಂದ ಮಾತ್ರಕ್ಕೆ ಲಿವರ್ ಅದನ್ನು ಸುಮ್ಮನೆ ಬಿಡುವುದಿಲ್ಲ. ನೋವಿನ ಮಾತ್ರೆಗಳಲ್ಲಿ ಡೈಕ್ಲೋಫೆನಾಕ್, ಐಬುಪ್ರೊಫೆನ್ ಬೇಡ. ಅವು ಕಿಡ್ನಿ ಕೆಡಿಸುತ್ತವೆ, ರಕ್ತಸ್ರಾವ ತರುತ್ತವೆ. ಪ್ಯಾರಾಸಿಟಮಾಲ್ ದಿನಕ್ಕೆ 2 ಗ್ರಾಂ ಒಳಗೆ, ಡಾಕ್ಟರನ್ನು ಕೇಳಿ ತೆಗೆದುಕೊಳ್ಳಬಹುದು.

ಕ್ಯಾನ್ಸರ್, ಕಸಿ

ಸಿರೋಸಿಸ್ ಇದ್ದವರಲ್ಲಿ ಲಿವರ್ ಕ್ಯಾನ್ಸರ್ ಬರುವ ಸಾಧ್ಯತೆ ಇರುವುದರಿಂದ ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಮತ್ತು ಎಎಫ್‌ಪಿ ರಕ್ತಪರೀಕ್ಷೆ ಮಾಡಿಸಬೇಕು. ಸಣ್ಣ ಗಡ್ಡೆಯಾದರೆ ತೆಗೆಯಬಹುದು, ಸುಡಬಹುದು, ಕಸಿಯನ್ನೂ ಮಾಡಬಹುದು. ಕ್ಯಾಲೆಂಡರಿನಲ್ಲಿ ಹಬ್ಬದ ದಿನದ ಪಕ್ಕದಲ್ಲೇ ಇದನ್ನೂ ಗುರುತು ಹಾಕಿಡಿ.

ಕಸಿಯ ಬಗ್ಗೆ ಜನ ಕೇಳುವುದು ತಡವಾಗಿ. ಮೊದಲ ಸಲ ಹೊಟ್ಟೆಯಲ್ಲಿ ನೀರು ತುಂಬಿದಾಗ, ಅಥವಾ ಮೆಲ್ಡ್ ಸ್ಕೋರ್ 15 ದಾಟಿದಾಗ ಕಸಿ ಕೇಂದ್ರಕ್ಕೆ ಒಮ್ಮೆ ತೋರಿಸಬೇಕು. ಬಿಲಿರುಬಿನ್ (ಕಾಮಾಲೆಯ ಅಳತೆ), ಐಎನ್‌ಆರ್ (ರಕ್ತ ಹೆಪ್ಪುಗಟ್ಟುವ ಅಳತೆ), ಕ್ರಿಯಾಟಿನಿನ್ (ಕಿಡ್ನಿಯ ಅಳತೆ) ಇವುಗಳಿಂದ ಲೆಕ್ಕ ಹಾಕುವ ಅಂಕಿ ಅದು. 6ರಿಂದ 40ರವರೆಗೆ ಹೋಗುತ್ತದೆ. ತೋರಿಸಿದ ಮಾತ್ರಕ್ಕೆ ಕಸಿ ಮಾಡಿಬಿಡುವುದಿಲ್ಲ. ಐದಾರು ಸಲ ಐಸಿಯುಗೆ ಹೋಗಿ ಬಂದ ಮೇಲೆ ಹೋದರೆ ಆಪರೇಷನ್ ತಡೆದುಕೊಳ್ಳುವ ಶಕ್ತಿಯೇ ಉಳಿದಿರುವುದಿಲ್ಲ.

ಲಿವರ್ ಬರುವುದು ಎರಡು ದಾರಿಯಲ್ಲಿ. ಹತ್ತಿರದ ಸಂಬಂಧಿ ತನ್ನ ಲಿವರ್‌ನ ಒಂದು ಭಾಗ ಕೊಡಬಹುದು. ದಾನಿಯಲ್ಲೂ ಪಡೆದವರಲ್ಲೂ ಅದು ಕೆಲವು ತಿಂಗಳಲ್ಲಿ ಹೆಚ್ಚುಕಡಿಮೆ ಪೂರ್ಣ ಗಾತ್ರಕ್ಕೆ ಬೆಳೆಯುತ್ತದೆ. ಭಾರತದಲ್ಲಿ ನಡೆಯುವ ಹೆಚ್ಚಿನ ಲಿವರ್ ಕಸಿಗಳು ಹೀಗೇ. ದಾನಿಗೂ ಅದು ದೊಡ್ಡ ಆಪರೇಷನ್ನೇ, ಸಣ್ಣ ಪ್ರಮಾಣದಲ್ಲಾದರೂ ಜೀವಾಪಾಯ ಇದೆ. ಅವರನ್ನು ಬೇರೆಯಾಗಿ ಕೂರಿಸಿ, ಮನೆಯವರ ಒತ್ತಡ ಇಲ್ಲ ಅಂತ ಖಚಿತ ಮಾಡಿಕೊಳ್ಳುತ್ತಾರೆ. ಹಾಗೆ ಮಾಡುವುದೇ ಸರಿ. ಇನ್ನೊಂದು ದಾರಿ ಮಿದುಳು ನಿಷ್ಕ್ರಿಯರಾದವರ ಕುಟುಂಬ ಮಾಡುವ ದಾನ. ಕರ್ನಾಟಕದಲ್ಲಿ ಕಾಯುವವರ ಪಟ್ಟಿ, ಅಂಗಗಳ ಹಂಚಿಕೆ ಎರಡನ್ನೂ ‘ಜೀವಸಾರ್ಥಕತೆ’ ಎಂಬ ಸಂಸ್ಥೆ ನೋಡಿಕೊಳ್ಳುತ್ತದೆ. ಪಟ್ಟಿಗೆ ಹೆಸರು ಸೇರಿಸುವುದು ಕಸಿ ಮಾಡುವ ಆಸ್ಪತ್ರೆಯ ಮೂಲಕ. ಖಾಸಗಿಯಲ್ಲಿ ಖರ್ಚು ಹತ್ತಾರು ಲಕ್ಷ. ಬಿಪಿಎಲ್ ಕುಟುಂಬಗಳಿಗೆ ಸರ್ಕಾರದ ನೆರವಿನ ಯೋಜನೆ ಇದೆ, ಆಸ್ಪತ್ರೆಯ ಕಸಿ ಸಂಯೋಜಕರನ್ನು ಮೊದಲ ಭೇಟಿಯಲ್ಲೇ ಕೇಳಿ. ಕಸಿಯಾದ ಮೇಲೆ, ದೇಹ ಹೊಸ ಲಿವರನ್ನು ತಿರಸ್ಕರಿಸದಂತೆ ತಡೆಯುವ ಟ್ಯಾಕ್ರೊಲಿಮಸ್‌ನಂತಹ ಮಾತ್ರೆ ಜೀವನಪರ್ಯಂತ, ಹೇಳಿದ ಹೊತ್ತಿಗೇ ತೆಗೆದುಕೊಳ್ಳಬೇಕು. ರಕ್ತದಲ್ಲಿ ಅದರ ಪ್ರಮಾಣ ನೋಡಲು ಪರೀಕ್ಷೆಗೆ ಹೋಗುವ ದಿನ, ರಕ್ತ ಕೊಟ್ಟ ಮೇಲೆಯೇ ಆ ಬೆಳಗಿನ ಮಾತ್ರೆ.